‘ಆ ಹುಡುಗನ ಕೈ ಬಿಡಿ ಸಾರ್’

ನಮ್ಮ ಕನ್ನಡ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ತೊಂಬತ್ತರ ಆಸುಪಾಸಿನ ವಯಸ್ಸು. ಅವರ ಹೆಸರಿನಲ್ಲಿ ಶಾಲೆಗೆ ಏನಾದರೂ ಮಾಡಬೇಕೆಂದು ನಮ್ಮ ಬ್ಯಾಚಿನವರು, ಹಿಂದಿನವರು, ಮುಂದಿನವರು ಎಲ್ಲ ಸೇರಿದೆವು. ದುಡ್ಡು ಸಲೀಸಾಗಿ ಕೂಡಿತು. ಅದನ್ನು ಏನು ಮಾಡುವುದು ಎಂಬಲ್ಲಿ ಮಾತು ಬೆಳೆಯಿತು. ಗೇಟಿನ ಒಳಗೆ ಸರಸ್ವತಿಯ ವಿಗ್ರಹ ಕೂರಿಸೋಣ ಎಂದರು ಕೆಲವರು. ಒಳ್ಳೆಯ ಸ್ಪೀಕರ್ ಕೊಡಿಸಿ ದಿನಾ ಬೆಳಿಗ್ಗೆ ಶ್ಲೋಕ ಹೇಳಿಸೋಣ ಎಂದರು ಇನ್ನು ಕೆಲವರು. ಅದು ಬೇಡವಾದರೆ ಸರ್ವಧರ್ಮ ಪ್ರಾರ್ಥನೆ ಇರಲಿ, ಯಾರಿಗೂ ಬೇಜಾರಾಗುವುದಿಲ್ಲ ಎಂದ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ. ಮೇಷ್ಟ್ರು ಹಣೆತುಂಬ ವಿಭೂತಿ ಹಚ್ಚುತ್ತಿದ್ದವರು, ಅವರಿಗೆ ಇದೇ ಸಂತೋಷ ಕೊಡುವುದು ಎಂದು ಎಲ್ಲರೂ ತೀರ್ಮಾನ ಮಾಡಿಕೊಂಡಂತೆ ಮಾತಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆಯ ವಿಷಯಕ್ಕೆ ಮೇಷ್ಟ್ರು ಏನು ಮಾಡಿದ್ದರು ಎಂಬುದನ್ನು ಕಣ್ಣಾರೆ ಕಂಡವರು ನಾವು ಕೆಲವರು ಇನ್ನೂ ಇದ್ದೇವೆ. ಈ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಬರೆದರೆ ಇದನ್ನೇ ಬರೆಯುತ್ತೇನೆ ಎಂದೆ.

ನಾನು ಇಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು 1984ರಲ್ಲಿ. ಚಾಮರಾಜಪೇಟೆ, ಕಾಟನ್‌ಪೇಟೆ, ಬಿನ್ನಿಪೇಟೆ, ಪಾದರಾಯನಪುರ, ಈ ಸುತ್ತಿನ ಮಕ್ಕಳೆಲ್ಲ ಈ ಸರ್ಕಾರಿ ಶಾಲೆಗೇ ಬರುತ್ತಿದ್ದರು. ಬಿನ್ನಿ ಮಿಲ್ಲಿನ ಕಾರ್ಮಿಕರ ಮಕ್ಕಳು, ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವವರ ಮಕ್ಕಳು, ಮನೆಯಲ್ಲಿ ಅಗರಬತ್ತಿ ಹೊಸೆದು ಬೆರಳು ಕಪ್ಪು ಮಾಡಿಕೊಂಡು ಬರುವವರು, ಟೈಲರ್ ಅಂಗಡಿಯವರ ಮಕ್ಕಳು. ಯಾರ ಮನೆಯಲ್ಲಿ ಯಾವ ಹಬ್ಬ ಎಂಬುದು ಡಬ್ಬಿ ತೆರೆದಾಗ ಗೊತ್ತಾಗುತ್ತಿತ್ತು. ಆಗ ಕಲಿತ ಬೀಜಗಣಿತದ ಒಂದು ಸೂತ್ರವೂ ಈಗ ಬಾಯಿಗೆ ಬರುವುದಿಲ್ಲ. ಮೇಷ್ಟ್ರು ಕುಮಾರವ್ಯಾಸನನ್ನು ರಾಗವಾಗಿ ಓದುವಾಗ ಕಿಟಕಿಯ ಸರಳು ಹಿಡಿದು ಪಕ್ಕದ ಸೆಕ್ಷನ್ನಿನ ಹುಡುಗರೂ ನಿಂತು ಕೇಳುತ್ತಿದ್ದದ್ದು ಮಾತ್ರ ನೆನ್ನೆ ಮೊನ್ನೆ ನಡೆದಂತಿದೆ.

ಬಿಳಿ ಪಂಚೆ, ಮೊಣಕೈ ಹತ್ತಿರ ತೇಪೆ ಹಾಕಿದ ಕರಿ ಕೋಟು, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಸೀಮೆಸುಣ್ಣ ಹಿಡಿದರೆ ಬೋರ್ಡಿನ ಮೇಲೆ ಅಚ್ಚಿನ ಅಕ್ಷರ. ಸೋಮವಾರ ಬೆಳಿಗ್ಗೆ ಗವಿಪುರದ ಗಂಗಾಧರೇಶ್ವರನ ದರ್ಶನ ಮಾಡಿಯೇ ಶಾಲೆಗೆ ಬರುತ್ತಿದ್ದರು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಗುಹೆಯೊಳಗಿನ ಲಿಂಗದ ಮೇಲೆ ಬೀಳುವುದನ್ನು ನೋಡಲು ನಮ್ಮನ್ನು ಕರೆದೊಯ್ದಿದ್ದೂ ಅವರೇ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುತ್ತದಲ್ಲ, ಅದನ್ನು ತೋರಿಸಲು ನಮ್ಮನ್ನು ಜನಜಂಗುಳಿಯಲ್ಲಿ ಕೈ ಹಿಡಿದು ನಿಲ್ಲಿಸಿಕೊಂಡಿದ್ದರು. ಈ ಎರಡಕ್ಕೂ ಕರೆಯುವಾಗ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತಿದ್ದರು: ‘ಇದು ಶಾಲೆ ಲೆಕ್ಕ ಅಲ್ಲ. ಮನೇಲಿ ಕೇಳ್ಕೊಂಡು, ಇಷ್ಟ ಇದ್ದೋರು ಬನ್ನಿ. ಬರದೇ ಇದ್ದೋರನ್ನ ನಾನು ಯಾಕೆ ಅಂತ ಕೇಳೋದಿಲ್ಲ.’ ಎಳೆಯ ವಯಸ್ಸಿಗೆ ಈ ಮಾತಿನ ತೂಕ ಗೊತ್ತಾಗಲಿಲ್ಲ.

ಇನ್ನೊಬ್ಬರು ಪಿ.ಟಿ. ಮೇಷ್ಟ್ರು. ಸೈನ್ಯದಿಂದ ಬಂದವರು, ಮೈಯೆಲ್ಲ ಶಿಸ್ತು. ಅವರ ಸೀಟಿ ಕೇಳಿದರೆ ಅಂಗಳದ ಕಾಗೆಗಳೂ ಹಾರುತ್ತಿದ್ದವು. ನಮ್ಮ ಕಬಡ್ಡಿ ತಂಡವನ್ನು ಕಟ್ಟಿ ಬೆಳೆಸಿದವರು, ಕಾಲಿಗೆ ಪೆಟ್ಟಾದ ಹುಡುಗನನ್ನು ತಮ್ಮ ಸೈಕಲ್ಲಿನ ಮೇಲೆ ಕೂರಿಸಿಕೊಂಡು ವಿಕ್ಟೋರಿಯಾ ಆಸ್ಪತ್ರೆಗೆ ಒಯ್ದವರು. ಅವರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬೆಳಗಿನ ಪ್ರಾರ್ಥನೆ ಅವರ ಸುಪರ್ದಿ. ಒಂಬತ್ತೂ ಮುಕ್ಕಾಲಿಗೆ ಗಂಟೆ. ಗಂಟೆ ಎಂದರೆ ಹೊಂಗೆ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು, ಅದಕ್ಕೆ ಬಡಿಯಲು ಒಂದು ಕಬ್ಬಿಣದ ಸರಳು. ಸಾಲಾಗಿ ನಿಂತು, ಕಣ್ಣು ಮುಚ್ಚಿ, ಕೈ ಮುಗಿದು ‘ಸ್ವಾಮಿ ದೇವನೆ ಲೋಕಪಾಲನೆ’. ಆಮೇಲೆ ಪ್ರತಿಜ್ಞೆ, ವಾರ್ತೆ, ಕೊನೆಗೆ ಜನಗಣಮನ.

ಆ ಕಬ್ಬಿಣದ ಸರಳಿನ ಕಥೆ ಹೇಳದಿದ್ದರೆ ನನ್ನ ಬ್ಯಾಚಿನವರು ನನ್ನನ್ನು ಬಿಡುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಸರಳು ಮಾಯವಾಯಿತು. ಯೋಜನೆ ನನ್ನದೇ. ಅಷ್ಟು ಚೆನ್ನಾಗಿ ಹೊಂದಿಸಿದ್ದೆ ಎಂದರೆ, ತೆಗೆದವನು ಒಬ್ಬ, ಸಾಗಿಸಿದವನು ಒಬ್ಬ, ಸ್ಕೌಟ್ ಬೀರುವಿನ ಹಿಂದೆ ಇಟ್ಟವನು ಇನ್ನೊಬ್ಬ. ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಜವಾನ ಕಲ್ಲು ತಂದು ಕಂಬಿಗೆ ಕುಟ್ಟಿದ. ಟಕ್ ಟಕ್ ಎಂದಿತೇ ಹೊರತು ಗೇಟಿನವರೆಗೂ ಕೇಳಲಿಲ್ಲ. ಹೆಡ್ ಮೇಷ್ಟ್ರು ರೇಗಿದರು, ಪಿ.ಟಿ. ಮೇಷ್ಟ್ರು ಸೀಟಿ ಊದಿ ಊದಿ ಸುಸ್ತಾದರು. ಅರ್ಧ ಹುಡುಗರು ಅಂಗಳದಲ್ಲಿ, ಅರ್ಧ ಹುಡುಗರು ಕ್ಲಾಸಿನಲ್ಲಿ. ಕೊನೆಗೆ ಪ್ರಾರ್ಥನೆಯಿಲ್ಲದೆಯೇ ಪಾಠ ಶುರುವಾಯಿತು. ಮೊದಲ ಪೀರಿಯಡ್ ಕನ್ನಡ. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು, ಒಂದು ಚಿಟಿಕೆ ನಶ್ಯ ಏರಿಸಿ, ‘ಇವತ್ತು ಪ್ರಾರ್ಥನೆ ಆಗ್ಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ದೇವರ ಮೇಲಿನ ಭಕ್ತಿ ಕಮ್ಮಿ ಆಗಿದ್ಯಾ?’ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ‘ನನಗೂ ಆಗಿಲ್ಲ’ ಎಂದು ಪುಸ್ತಕ ತೆರೆದರು. ಪೀರಿಯಡ್ ಮುಗಿದ ಮೇಲೆ ನೇರವಾಗಿ ನನ್ನ ಮುಖ ನೋಡಿ, ‘ಮಧ್ಯಾಹ್ನದೊಳಗೆ ಸರಳು ಮರದ ಬುಡದಲ್ಲಿ ಇರಬೇಕು’ ಎಂದರು. ಇತ್ತು. ಹೆಡ್ ಮೇಷ್ಟ್ರಿಗೆ ಅವರು ಹೆಸರು ಹೇಳಲಿಲ್ಲ.

ಈಗ 1986ಕ್ಕೆ ಬರುತ್ತೇನೆ. ನಾವು ಎಸ್ಸೆಸ್ಸೆಲ್ಸಿ. ಪಾದರಾಯನಪುರದಿಂದ ಬರುತ್ತಿದ್ದ ಟೈಲರ್ ಮಗ ಒಬ್ಬನಿದ್ದ. ಉದ್ದನೆಯ ಹುಡುಗ, ಸಾಲಿನಲ್ಲಿ ಯಾವಾಗಲೂ ಕೊನೆಯಲ್ಲಿ. ಪ್ರಾರ್ಥನೆ ಶುರುವಾದರೆ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದ. ಕೈ ಮುಗಿಯುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಜನಗಣಮನ ಬಂದರೆ ಅವನ ದನಿ ಸಾಲಿನ ಮುಂದಿನವರೆಗೂ ಕೇಳುತ್ತಿತ್ತು. ನಮಸ್ಕಾರ ಒಬ್ಬ ದೇವರಿಗೆ, ಅದನ್ನು ಅವನಿಗೆ ಅವನ ಮನೆಯವರು ಕಲಿಸಿದ ರೀತಿಯಲ್ಲೇ ಮಾಡಬೇಕು ಎಂಬುದು ಅವನ ತಂದೆಯ ಮಾತು. ಎರಡು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಥವಾ ಬಿದ್ದರೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಸಾಲಿನ ಹಿಂದಿನಿಂದ ಬಂದವರು ಅವನ ಪಕ್ಕ ನಿಂತರು. ‘ಕೈ ಮುಗಿ’ ಎಂದರು. ಅವನು ಅಲ್ಲಾಡಲಿಲ್ಲ. ಹಾಡು ನಡೆಯುತ್ತಲೇ ಇತ್ತು. ಅವರು ಅವನ ಎರಡೂ ಮಣಿಕಟ್ಟು ಹಿಡಿದು ಎದೆಯ ಹತ್ತಿರ ತಂದು ಅಂಗೈಗಳನ್ನು ಒಂದಕ್ಕೊಂದು ಒತ್ತಿದರು. ಬಿಟ್ಟ ತಕ್ಷಣ ಕೈ ಮತ್ತೆ ಕೆಳಗೆ ಇಳಿಯಿತು. ಮತ್ತೆ ಒತ್ತಿದರು. ನಾನು ಅವನ ಪಕ್ಕದ ಸಾಲಿನಲ್ಲೇ ಇದ್ದೆ. ಅವನ ಬಲಗೈ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಕಲೆಗಳು ಕಾಣುತ್ತಿದ್ದವು. ಮಣಿಕಟ್ಟಿನ ಮೇಲೆ ಮೇಷ್ಟ್ರ ಬೆರಳಿನ ಗುರುತು ಬಿಳಚಿ ಆಮೇಲೆ ಕೆಂಪಾಯಿತು. ಅವನು ಅಳಲಿಲ್ಲ. ಎದುರಿಗೆ ನೋಡುತ್ತಾ ನಿಂತಿದ್ದ.

ವರಾಂಡದಲ್ಲಿ ನಿಂತಿದ್ದ ಕನ್ನಡ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ಅವಸರ ಮಾಡಲಿಲ್ಲ, ದನಿ ಎತ್ತಲಿಲ್ಲ. ‘ಆ ಹುಡುಗನ ಕೈ ಬಿಡಿ ಸಾರ್’ ಎಂದರು. ಪಿ.ಟಿ. ಮೇಷ್ಟ್ರು ಏನೋ ಹೇಳಹೋದರು. ಕನ್ನಡ ಮೇಷ್ಟ್ರು ಅದಕ್ಕೆ ಉತ್ತರ ಕೊಡದೆ ಹುಡುಗನ ಪಕ್ಕಕ್ಕೆ ನಿಂತು, ತಾವೂ ಎರಡೂ ಕೈ ಇಳಿಬಿಟ್ಟರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. ಪ್ರಾರ್ಥನೆ ಮುಗಿಯುವವರೆಗೂ ಹಾಗೇ ನಿಂತಿದ್ದರು. ಮುಂದಿನ ಸಾಲಿನ ಹುಡುಗರು ಕಣ್ಣು ಬಿಟ್ಟು ಹಿಂದೆ ತಿರುಗಿ ನೋಡುತ್ತಿದ್ದರು. ಅವತ್ತು ಯಾರನ್ನೂ ಯಾರೂ ಗದರಲಿಲ್ಲ.

ಸ್ಟಾಫ್ ರೂಮಿನಲ್ಲಿ ಜೋರು ಮಾತಾಯಿತು ಎಂದು ಜವಾನ ಹೇಳಿದ. ಆ ವಾರದಿಂದ ಪ್ರಾರ್ಥನೆ ನಿಲ್ಲಲಿಲ್ಲ, ಆದರೆ ಕೈ ಮುಗಿಯುವುದು ಕಡ್ಡಾಯವಲ್ಲ, ಹಾಡುವುದು ಕಡ್ಡಾಯವಲ್ಲ ಎಂದು ಹೆಡ್ ಮೇಷ್ಟ್ರೇ ಮೈಕಿನಲ್ಲಿ ಹೇಳಿದರು. ಕನ್ನಡ ಮೇಷ್ಟ್ರ ಪಾಳಿ ಬಂದ ವಾರಗಳಲ್ಲಿ ಪ್ರಾರ್ಥನೆಯೇ ಇರುತ್ತಿರಲಿಲ್ಲ. ಒಂದು ನಿಮಿಷ ಮೌನ, ಒಬ್ಬ ವಿದ್ಯಾರ್ಥಿಯಿಂದ ಒಂದು ಪದ್ಯ, ಆಮೇಲೆ ಜನಗಣಮನ.

ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕೇರಳದ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಸಕರೊಬ್ಬರು ಅದನ್ನು ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆ ನಡೆಸಿದ ಆಯೋಗ ಮಕ್ಕಳು ಅಗೌರವ ತೋರಿಲ್ಲ ಎಂದಿತು. ಆದರೂ 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಪೀಠ, ಗೌರವದಿಂದ ನಿಂತ ಮಗುವನ್ನು ಹಾಡಲಿಲ್ಲ ಎಂಬ ಕಾರಣಕ್ಕೆ ಹೊರಹಾಕುವಂತಿಲ್ಲ, ಮತ್ತೆ ಸೇರಿಸಿಕೊಳ್ಳಿ ಎಂದು ತೀರ್ಪು ಕೊಟ್ಟಿತು. ಮೇಷ್ಟ್ರು ಆ ಪತ್ರಿಕೆಯನ್ನು ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಕ್ಲಾಸಿಗೆ ತಂದು ಪೂರ್ತಿ ಓದಿದರು. ಟೈಲರ್ ಮಗನ ಕಡೆಗೆ ಒಂದು ಸಲವೂ ನೋಡಲಿಲ್ಲ. ಅವನನ್ನು ನಾವೆಲ್ಲ ತಿರುಗಿ ನೋಡುವಂತೆ ಮಾಡಬಾರದು ಎಂಬ ಎಚ್ಚರ ಅದು ಎಂದು ನನಗೆ ಅವತ್ತೇ ಅನ್ನಿಸಿತ್ತು. ನಾನು ಮುಂದೆ ಲಾ ಓದಿದ್ದಕ್ಕೆ ಆ ಒಂದು ಪೀರಿಯಡ್ಡೇ ಕಾರಣ. ವಕೀಲನಾಗಿ ಹೈಕೋರ್ಟಿನಲ್ಲಿ, ಅಟ್ಟಾರ ಕಚೇರಿಯ ಆ ಕೆಂಪು ಕಟ್ಟಡದಲ್ಲಿ, ಅದೇ ತೀರ್ಪನ್ನು ಎತ್ತಿ ಹಿಡಿದು ವಾದಿಸಿದ ದಿನ ಸಂಜೆ ನೇರ ಅವರ ಮನೆಗೇ ಹೋಗಿದ್ದೆ.

ಭಕ್ತರಾಗಿದ್ದೂ ಹೀಗೇಕೆ ಎಂದು ಆ ಸಂಜೆ ಕೇಳಿದೆ. ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ‘ನಾನು ಹುಡುಗನಾಗಿದ್ದಾಗ ಮೈಸೂರು ಸಂಸ್ಥಾನ. ಶಾಲೆಯಲ್ಲಿ ಕಾಯೌ ಶ್ರೀ ಗೌರಿ ಹಾಡ್ತಿದ್ವಿ. ಮಹಾರಾಜರನ್ನ ಕಾಪಾಡು ಅಂತ ಗೌರಿನ ಬೇಡ್ಕೊಳ್ಳೋದು. ರಾಜರ ಆಳ್ವಿಕೆ ಹೋಯ್ತು, ಗೌರಿನೂ ಶಾಲೆಯಿಂದ ಹೋದಳು. ನಮ್ಮ ಮನೇಲಿ ಮಾತ್ರ ಗೌರಿ ಹಬ್ಬ ಒಂದು ವರ್ಷನೂ ತಪ್ಪಿಲ್ಲ. ಸರ್ಕಾರ ಹೇಳಿಸೋ ಪ್ರಾರ್ಥನೆ ಸರ್ಕಾರದ ಜೊತೆ ಬರುತ್ತೆ, ಸರ್ಕಾರದ ಜೊತೆ ಹೋಗುತ್ತೆ. ನನ್ನ ದೇವರನ್ನ ಅದರ ಕೈಗೆ ಯಾಕೆ ಕೊಡ್ಲಿ?’

ಇದಕ್ಕಿಂತ ಗಟ್ಟಿಯಾದ ವಾದವನ್ನು ನಾನು ಯಾವ ಹಿರಿಯ ವಕೀಲರ ಬಾಯಲ್ಲೂ ಕೇಳಿಲ್ಲ. ಸಂವಿಧಾನ ಏನು ಹೇಳುತ್ತದೆ ಎಂದು ಸಭೆಯಲ್ಲಿ ಗೆಳೆಯರು ಕೇಳಿದರು, ಹೇಳುತ್ತೇನೆ. 28ನೇ ವಿಧಿ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಯಾರನ್ನೂ ಒತ್ತಾಯದಿಂದ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ದತ್ತಿ ಅಥವಾ ಟ್ರಸ್ಟಿನಿಂದ ಹುಟ್ಟಿ, ಧಾರ್ಮಿಕ ಬೋಧನೆ ಇರಲೇಬೇಕೆಂಬ ಷರತ್ತಿದ್ದು, ಸರ್ಕಾರ ನೋಡಿಕೊಳ್ಳುವ ಸಂಸ್ಥೆಗಳಿಗೆ ಮಾತ್ರ ಒಂದು ವಿನಾಯಿತಿ. ನಮ್ಮದು ಅಪ್ಪಟ ಸರ್ಕಾರಿ ಶಾಲೆ, ಆ ವಿನಾಯಿತಿ ನಮಗಿಲ್ಲ. ಬೆಳಗಿನ ಪ್ರಾರ್ಥನೆ ‘ಬೋಧನೆ’ಯೇ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಬಂದಿಲ್ಲ. ಕೇಂದ್ರೀಯ ವಿದ್ಯಾಲಯಗಳ ಸಂಸ್ಕೃತ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2019ರ ಜನವರಿಯಲ್ಲಿ ಸಂವಿಧಾನ ಪೀಠ ನೋಡಲಿ ಎಂದು ಮೇಲಕ್ಕೆ ಕಳಿಸಿದರು.

‘ಸ್ವಾಮಿ ದೇವನೆ’ಯಲ್ಲಿ ಯಾವ ದೇವರ ಹೆಸರೂ ಇಲ್ಲವಲ್ಲ, ಅದರಿಂದ ಯಾರಿಗೇನು ಎಂದೂ ಕೇಳಿದರು. ಅಮೆರಿಕದಲ್ಲಿ 1962ರಲ್ಲಿ ಇದೇ ಪ್ರಶ್ನೆ ಬಂದಿತ್ತು. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಯಾವ ಪಂಥಕ್ಕೂ ಸೇರದಂತೆ ಇಪ್ಪತ್ತೆರಡು ಪದಗಳ ಪುಟ್ಟ ಪ್ರಾರ್ಥನೆಯೊಂದನ್ನು ತಾನೇ ಬರೆದಿತ್ತು. ಬೇಡದವರು ಸುಮ್ಮನಿರಬಹುದು, ಹೊರಗೂ ಹೋಗಬಹುದು ಎಂದಿತ್ತು. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಾರ್ಥನೆ ಬರೆದು ಹೇಳಿಸುವುದು ಸರ್ಕಾರದ ಕೆಲಸವಲ್ಲ ಎಂದು ಅದನ್ನು ತಳ್ಳಿಹಾಕಿತು. ಅವರ ಸಂವಿಧಾನ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೆ ‘ಬೇಡದವನು ಹೊರಗೆ ಹೋಗಲಿ’ ಎನ್ನುವುದು ಹದಿನಾಲ್ಕು ವರ್ಷದ ಮಗುವಿಗೆ ಎಂಥ ಮಾತು ಎಂದು ಯೋಚಿಸಿ. ಸಾಲು ಬಿಟ್ಟು ಒಬ್ಬನೇ ನಡೆದುಹೋಗುವಾಗ ಅವನ ಬೆನ್ನ ಮೇಲೆ ನಾಲ್ಕುನೂರು ಜೊತೆ ಕಣ್ಣು.

ಸರ್ವಧರ್ಮ ಪ್ರಾರ್ಥನೆಯ ಬಗ್ಗೆ ಗೆಳೆಯನಿಗೆ ಇಷ್ಟು ಹೇಳಬೇಕು. ಗಾಂಧಿ ಜಯಂತಿಗೆ ನಮ್ಮಲ್ಲಿ ಅದು ನಡೆಯುತ್ತಿತ್ತು, ನಿನಗೂ ನೆನಪಿರಬಹುದು. ಹಾಜರಿ ಪುಸ್ತಕ ತೆಗೆದು ಹೆಸರು ನೋಡಿ ಕುರಾನಿಗೆ ಒಬ್ಬ, ಬೈಬಲಿಗೆ ಒಬ್ಬಳು ಎಂದು ಆರಿಸುತ್ತಿದ್ದರು. ಬೆಂಚಿನಲ್ಲಿ ನಮ್ಮ ಜೊತೆ ಕೂತು ಕಡ್ಲೆಕಾಯಿ ತಿನ್ನುತ್ತಿದ್ದವನು ಮೈಕಿನ ಮುಂದೆ ಇದ್ದಕ್ಕಿದ್ದಂತೆ ಒಂದು ಧರ್ಮದ ಪ್ರತಿನಿಧಿಯಾಗಿಬಿಡುತ್ತಿದ್ದ. ಯಾವ ಧರ್ಮವೂ ಬೇಡ ಎನ್ನುವ ಮನೆಯ ಹುಡುಗನಿಗೆ ಅಲ್ಲಿ ಜಾಗವೇ ಇಲ್ಲ. ಗಾಂಧೀಜಿಯ ಪ್ರಾರ್ಥನಾ ಸಭೆಯ ಮಾತು ಬೇರೆ. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದವರು ಆಮೇಲೆ ನಮ್ಮ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಉಳಿದಿದ್ದಾಗ ಸಂಜೆಯ ಪ್ರಾರ್ಥನೆಗೆ ಜನ ತಾವಾಗಿ ಬರುತ್ತಿದ್ದರು, ಹಾಜರಿ ಕೂಗಿ ಅಲ್ಲ. 1947ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಕುರಾನಿನ ಸಾಲುಗಳಿಗೆ ಸಭೆಯಲ್ಲಿ ಆಕ್ಷೇಪ ಬಂದಾಗ ಅವರು ಅವತ್ತಿನ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಆ ಸಾಲುಗಳನ್ನು ಕೈಬಿಡಲೂ ಇಲ್ಲ, ಒಪ್ಪದವರ ಮೇಲೆ ಹೇರಲೂ ಇಲ್ಲ. ಸರ್ಕಾರ ಧರ್ಮಶಿಕ್ಷಣಕ್ಕೆ ಕೈ ಹಾಕಬಾರದು ಎಂಬುದೂ ಅವರದೇ ನಿಲುವು.

ಹಾಗಾದರೆ ಮಕ್ಕಳು ಧರ್ಮದ ಗಂಧವೇ ಇಲ್ಲದೆ ಬೆಳೆಯಬೇಕೇ ಎಂದರೆ, ಖಂಡಿತ ಇಲ್ಲ. ಕುಮಾರವ್ಯಾಸನ ಷಟ್ಪದಿ ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಬರುತ್ತಿದ್ದದ್ದು ಯಾರಿಗೆ ಗೊತ್ತೇ? ಆ ಟೈಲರ್ ಮಗನಿಗೆ. ಅಂತರಶಾಲಾ ಸ್ಪರ್ಧೆಗೆ ಅವನನ್ನೇ ಕಳಿಸಿದ್ದರು. ಕೃಷ್ಣನ ವರ್ಣನೆ ಓದಲು ಅವನ ತಂದೆಯ ಅಭ್ಯಂತರವೇನೂ ಇರಲಿಲ್ಲ; ಓದುವುದು ಬೇರೆ, ಕೈ ಮುಗಿಯುವುದು ಬೇರೆ ಎಂಬುದು ಆ ಅಂಗಡಿಯವರಿಗೂ ತಿಳಿದಿತ್ತು. ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಸಂವಿಧಾನದ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದೂ ಇದನ್ನೇ. ನವರಾತ್ರಿಯ ಸರಸ್ವತಿ ಪೂಜೆಯೂ ನಮ್ಮಲ್ಲಿ ಇತ್ತು, ಶಾಲೆ ಬಿಟ್ಟ ಮೇಲೆ, ಬಂದವರು ಬಂದರು. ಕಡಲೆ ಉಸಲಿ ಮಾತ್ರ ಮರುದಿನ ಎಲ್ಲರ ಡಬ್ಬಿಗೂ ಹೇಗೋ ಬಂದಿರುತ್ತಿತ್ತು. ಆ ರುಚಿಯನ್ನು ನಾನೇಕೆ ಮರೆಯಲಿ.

ಈಗಿನ ಶಾಲೆಗಳನ್ನು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಒಂದು ಕಡೆ ಇದನ್ನು ಹೇಳಿಸಿ ಎನ್ನುವವರು, ಇನ್ನೊಂದು ಕಡೆ ಅದನ್ನು ತೆಗೆಯಿರಿ ಎನ್ನುವವರು, ಶಾಲೆಯ ಗೇಟಿನಲ್ಲಿ ಕ್ಯಾಮೆರಾ ಹಿಡಿದವರು. 2022ರಲ್ಲಿ ನಮ್ಮ ರಾಜ್ಯದಲ್ಲಿ ತಲೆವಸ್ತ್ರದ ಹೆಸರಿನಲ್ಲಿ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತದ್ದನ್ನು ಟಿವಿಯಲ್ಲಿ ನೋಡುವಾಗ ನನಗೆ ಆ ಮಣಿಕಟ್ಟೇ ಕಣ್ಮುಂದೆ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆ ತೀರ್ಪು ಕೊಟ್ಟರು. ಕಾನೂನು ಅದರ ಪಾಡಿಗೆ ನಡೆಯಲಿ. ಮೆಟ್ಟಿಲಿಳಿದು ಬಂದು ಮಗುವಿನ ಪಕ್ಕ ನಿಲ್ಲುವ ಒಬ್ಬ ಮೇಷ್ಟ್ರು ಅಲ್ಲಿ ಎಷ್ಟು ಗೇಟುಗಳಲ್ಲಿದ್ದರು ಎಂದು ಕೇಳಿಕೊಂಡೆ. ಇವತ್ತು ಮೇಷ್ಟ್ರುಗಳಿಗೆ ಜನಗಣತಿ, ಚುನಾವಣೆ, ಆಪ್‌ನಲ್ಲಿ ಹಾಜರಿ ತುಂಬುವ ಕೆಲಸವೇ ಮುಗಿಯುವುದಿಲ್ಲ. ಮಗುವಿನ ಮುಖ ನೋಡಲು ಪುರುಸೊತ್ತೆಲ್ಲಿ? 2023ರಲ್ಲಿ ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿ ಓದಿಸಬೇಕೆಂದು ಸರ್ಕಾರ ತೀರ್ಮಾನಿಸಿದ್ದು ನನಗೆ ಸಂತೋಷ ಕೊಟ್ಟಿತು. ಅದನ್ನೂ ಗಿಣಿಪಾಠ ಮಾಡಿಸದೆ, ಅದರಲ್ಲಿನ ‘ನಂಬಿಕೆಯ ಸ್ವಾತಂತ್ರ್ಯ’ ಎಂದರೇನು ಎಂದು ಒಂದು ಪೀರಿಯಡ್ ಮಾತಾಡಿದರೆ ಸಾಕು.

ಇನ್ನು ನಮ್ಮ ದುಡ್ಡಿನ ವಿಷಯ. ಸ್ಪೀಕರ್ ಬೇಡ, ವಿಗ್ರಹ ಬೇಡ ಎಂದು ನಾನು ಬರೆದುಕೊಟ್ಟಿದ್ದೇನೆ. ಮೇಷ್ಟ್ರು ಪಾಠ ಹೇಳುತ್ತಿದ್ದ ಕೋಣೆಯ ಪಕ್ಕದಲ್ಲಿ ಸಾಮಾನು ತುಂಬಿ ಸುಮ್ಮನೆ ಬಿದ್ದಿರುವ ಒಂದು ರೂಮಿದೆ. ಅದಕ್ಕೆ ಕಪಾಟು, ಮೇಜು, ಎರಡು ಫ್ಯಾನು, ಗೋಡೆಗೆ ಬಣ್ಣ. ಕುಮಾರವ್ಯಾಸ, ವಚನಗಳು, ಗೀತೆ, ಕುರಾನ್, ಬೈಬಲ್, ಧಮ್ಮಪದ ಎಲ್ಲವೂ ಕನ್ನಡದಲ್ಲಿ, ಜೊತೆಗೆ ದೇವರನ್ನು ಒಪ್ಪದವರ ಪುಸ್ತಕಗಳು, ಸಂವಿಧಾನದ ಕನ್ನಡ ಪ್ರತಿ ಹತ್ತಾದರೂ. ಹೆಡ್ ಮೇಡಂ ಒಪ್ಪಿದ್ದಾರೆ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ವಿಷಯ ಇಡುತ್ತದೆ. ಟೈಲರ್ ಮಗ ಈಗ ಮೈಸೂರು ರಸ್ತೆಯಲ್ಲಿ ಸ್ವಂತ ಗಾರ್ಮೆಂಟ್ಸ್ ನಡೆಸುತ್ತಿದ್ದಾನೆ. ಕಪಾಟುಗಳ ಪೂರ್ತಿ ಖರ್ಚು ತನ್ನದು ಎಂದಿದ್ದಾನೆ. ವಿಗ್ರಹವೇ ಬೇಕು ಎನ್ನುವ ಗೆಳೆಯರು ಸಭೆಯ ಮೊದಲು ಒಂದು ಸಂಜೆ ನನ್ನ ಆಫೀಸಿಗೆ ಬನ್ನಿ. ಜಗಳವನ್ನೇ ಆಡೋಣ, ಕಾಫಿ ನನ್ನದು.